ಒಂದು ಸೇರು ತೌಡಿನ ಹೆಸರು

"ಹಂಗಲ್ರೀ. ಇನ್ನೊಮ್ಮೆ ಅನ್ರಿ," ಎಂದಳು ಚನ್ನವೀರಮ್ಮ.

ರಘೋತ್ತಮರಾಯರು ಇನ್ನೊಮ್ಮೆ ಅಂದರು. "ತೌಡಮ್ಮ."

"ಕಾಗದ ಓದಿದಂಗ ಅಂತೀರಿ ನೀವು. ಎಮ್ಮಿಗೆ ತೌಡು ಕಲಸಿ ಇಡ್ತೀವಲ್ಲ, ಆ ತೌಡು. ಅಷ್ಟು ಸಲೀಸಾಗಿ ಬರಬೇಕು ಬಾಯಾಗ. ಗಂಟಲಿಗೆ ಮುಳ್ಳು ಸಿಕ್ಕೊಂಡೋರಂಗ ಅನ್ನಬಾರದು."

ಮುಳ್ಳು ಸಿಕ್ಕಿಕೊಂಡಿದ್ದೇನೋ ನಿಜ. ಅದು ಗಂಟಲಿನಲ್ಲಿರಲಿಲ್ಲ, ಅಷ್ಟೆ.

ಕುರುಗೋಡಿನ ಆ ಓಣಿಗೆ ಮಧ್ಯಾಹ್ನ ಎರಡರ ಬಿಸಿಲು ಪೂರಾ ಇಳಿದಿತ್ತು. ಗುಡ್ಡದ ಬಂಡೆ ಕಾದು ಅದರ ಝಳ ಅಂಗಳದವರೆಗೂ ಹೊಡೆಯುತ್ತಿತ್ತು. ಎಪ್ಪತ್ತು ದಾಟಿದ ಚನ್ನವೀರಮ್ಮ ಬಾಗಿಲ ನೆರಳಿನಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ರಾಯರು ಕಟ್ಟೆಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವರಂತೆ ಕೂತಿದ್ದರು.

ತೌಡಮ್ಮ ಕಾಣೆಯಾಗಿ ಒಂಬತ್ತು ದಿನ. ಹುಡುಕಿಕೊಡಿ ಎಂದು ಅವಳ ತಾಯಿ ಎಲ್ಲಮ್ಮ ಸಿರುಗುಪ್ಪದಿಂದ ಬಂದು ರಾಯರ ಮುಂದೆ ಕೈಮುಗಿದು ನಾಲ್ಕು ದಿನ. ಮಗಳ ಮದುವೆ ಮುರಿದ ಗುಪ್ತ ವರದಿ ಬರೆದವರು ಇದೇ ರಾಯರು ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ.

ಗೊತ್ತಾಗುವ ದಾರಿಯೂ ಇರಲಿಲ್ಲ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ರಾಯರು ಸತ್ಯನಾರಾಯಣಪೇಟೆಯ ಮನೆಯ ಮುಂದಿನ ಕೋಣೆಯಲ್ಲಿ ಹಿಡಿದ ಕಸುಬು ಅದು. ಮದುವೆಗೆ ಮುಂಚೆ ಹುಡುಗ ಹುಡುಗಿಯ ಪೂರ್ವಾಪರ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದುಕೊಡುವುದು. ಹಾಳೆಯ ಮೇಲೆ ಸಹಿ ಇರುವುದಿಲ್ಲ, ಹೆಸರು ಇರುವುದಿಲ್ಲ. ಆ ಕಸುಬಿನ ಮಾನವೇ ಅದು ಎಂದು ರಾಯರು ಹನ್ನೊಂದು ವರ್ಷ ನಂಬಿಕೊಂಡು ಬಂದಿದ್ದರು.

ಎಲ್ಲಮ್ಮ ಬಂದ ದಿನವೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಮೊದಲು ಹುಡುಗಿ ಸಿಗಲಿ, ಆಮೇಲೆ ನೋಡೋಣ ಎಂದು ತಮಗೆ ತಾವೇ ಹೇಳಿಕೊಂಡರು. ಇಂಥ ಸಮಾಧಾನಗಳು ಮನುಷ್ಯನಿಗೆ ಎಷ್ಟು ಬೇಗ ಸಿಗುತ್ತವೆ!

"ತೌಡಿ ಫೋಟೋ ನೋಡ್ರಿ, ಐದು ವರ್ಸದಾಕಿ," ಎಂದು ಚನ್ನವೀರಮ್ಮ ಫೋನು ಮುಂದೆ ಹಿಡಿದಳು. ರಾಯರು ಜೇಬಿನಿಂದ ಕನ್ನಡಕ ತೆಗೆದು ಏರಿಸಿ, ಫೋನನ್ನು ಹತ್ತಿರ ತಂದು, ದೂರ ಒಯ್ದು, ಕೊನೆಗೆ ಕಂಡುಕೊಂಡರು. ಎರಡು ಜಡೆಯ ಹುಡುಗಿ ರೈಸ್ ಮಿಲ್ಲಿನ ಅಂಗಳದಲ್ಲಿ ನಿಂತಿದ್ದಳು. ಮುಖದ ತುಂಬ ನಗು. ರಾಯರು ಫೋನು ಹಿಂದಕ್ಕೆ ಕೊಟ್ಟು ಕನ್ನಡಕ ತೆಗೆದು ಜೇಬಿಗೆ ಹಾಕಿದರು.

ನಾಲ್ಕು ದಿನದಲ್ಲಿ ಅವರಿಗೆ ಸಿಕ್ಕಿದ್ದು ಇಷ್ಟು. ಬಳ್ಳಾರಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ತೌಡಮ್ಮ, ಹಾಸ್ಟೆಲಿನ ಕೋಣೆಯಲ್ಲಿ ಬಟ್ಟೆಯೆಲ್ಲ ಮಡಿಸಿಟ್ಟು, ಫೋನನ್ನು ಆರಿಸಿ ದಿಂಬಿನ ಕೆಳಗಿಟ್ಟು ಹೋಗಿದ್ದಳು. ಫೋನು ಬಿಟ್ಟು ಹೋಗುವ ಇಪ್ಪತ್ತಾರರ ಹುಡುಗಿಯನ್ನು ರಾಯರು ಕಂಡಿರಲಿಲ್ಲ. ಸಿರುಗುಪ್ಪದಲ್ಲಿ ಬಸ್ಸಿಳಿದವಳು ಎರಡು ಓಣಿ ಆಚೆಗಿದ್ದ ತಾಯಿಯ ಮನೆಗೆ ಹೋಗಿರಲಿಲ್ಲ. ನೇರ ಮಿಲ್ಲಿಗೆ ಹೋಗಿದ್ದಳು.

ಮಿಲ್ಲಿನ ಸುಂಕಪ್ಪ ನಿನ್ನೆ ಹೇಳಿದ್ದ. "ಹೊಸ ತೌಡು ಒಂದು ಸೇರು ಕೊಡಣ್ಣಾ ಅಂದ್ಲು. ಕೈಚೀಲ ತಂದಿದ್ಲು. ಲ್ಯಾಬಿಗೇನವ್ವಾ ಅಂತ ಕೇಳಿದೆ. ಮಾತಾಡಲಿಲ್ಲ. ಕುರುಗೋಡು ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ ಹೋದ್ಲು."

ಓಡಿಹೋಗುವ ಹುಡುಗಿಗೆ ಒಂದು ಸೇರು ತೌಡು ಯಾಕೆ? ರಾಯರಿಗೆ ರಾತ್ರಿಯೆಲ್ಲ ಅದೇ ಯೋಚನೆ.

ತಪ್ಪಿತಸ್ಥರ ಪಟ್ಟಿಯೇನೂ ಸಣ್ಣದಿರಲಿಲ್ಲ. ಮದುವೆಯ ಗಂಡು ಹನುಮೇಶ್ ಇದ್ದ, ಕಾಲೇಜಿನಲ್ಲಿ ಪಾಠ ಹೇಳುವವನು. ತಾಯಿ ತೋರಿಸಿದ ವರದಿಯನ್ನು ಫೋಟೋ ಹೊಡೆದು ಹುಡುಗಿಗೆ ಕಳಿಸಿ, 'ಇದಕ್ಕೇನು ಹೇಳ್ತೀ?' ಎಂದು ಕೇಳಿದವನು ಅವನೇ. ಅವನ ತಾಯಿ, ಪಾರ್ವತಿನಗರದ ಸುನಂದಾ ಇದ್ದಳು. ಎರಡೂ ಕಡೆ ಓಡಾಡಿ ಸಂಬಂಧ ಕೂಡಿಸಿ, ಮುರಿದ ಮೇಲೆ ಎರಡೂ ಕಡೆ ಬೈಸಿಕೊಂಡ ದಲ್ಲಾಳಿ ಮೈಲಾರಪ್ಪ ಇದ್ದ. ಮೂವರಲ್ಲಿ ಯಾರಾದರೂ ಒಬ್ಬರು ಹುಡುಗಿಗೆ ಏನಾದರೂ ಮಾಡಿರಲಿ ಎಂದು ಒಂದು ಕ್ಷಣ ರಾಯರ ಮನಸ್ಸು ಬಯಸಿದ್ದೂ ಉಂಟು. ಬಯಸಿದ್ದು ಗೊತ್ತಾದಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಗಿತ್ತು.

"ಮಜ್ಜಿಗಿ ತರ್ಲೇನ್ರಿ?" ಎಂದಳು ಚನ್ನವೀರಮ್ಮ. ರಾಯರು ಉತ್ತರ ಹುಡುಕುವುದರೊಳಗೆ ಅವಳೇ ಅವರ ಹಣೆಯ ಅಂಗಾರ ಅಕ್ಷತೆಯ ಕಡೆ ನೋಡಿ, "ಒಲ್ಲೆ ಅಂದ್ರ ಬ್ಯಾಡ. ನಂದೇನಿಲ್ಲ," ಎಂದು ಮತ್ತೆ ತೊಗರಿಗೆ ಕೈಹಾಕಿದಳು.

"ಆ ಹೆಸರು ಯಾಕ ಇಟ್ರಿ ಅಮ್ಮಾ?" ಎಂದರು ರಾಯರು.

ಇದೇ ಪ್ರಶ್ನೆಯನ್ನು ಎರಡು ತಿಂಗಳ ಹಿಂದೆ ಸುನಂದಾ ಅವರ ಮುಂದಿಟ್ಟಿದ್ದಳು. ಹುಡುಗಿ ಚೆಂದ ಇದ್ದಾಳೆ, ಓದಿದ್ದಾಳೆ, ಎಲ್ಲ ಸರಿ. ಇದೆಂಥ ಹೆಸರು? ಲಗ್ನಪತ್ರಿಕೆಯಲ್ಲಿ ಹಾಕಿದರೆ ಜನ ಏನಂತಾರೆ? ಕಾಲೇಜಿನಲ್ಲಿ ಮೇಷ್ಟ್ರು ಇಂಗ್ಲಿಷಿನ ಪಟ್ಟಿ ನೋಡಿ 'ಟೌಡಮ್ಮಾ' ಎಂದು ಕೂಗಿದರೆ ಕ್ಲಾಸೆಲ್ಲ ನಗುತ್ತಿತ್ತಂತೆ. ಲ್ಯಾಬಿನವರು 'ಟೀ ಮೇಡಂ' ಎಂದು ಮೊಟಕು ಮಾಡಿದ್ದರಂತೆ. ಹೆಸರು ಬದಲಿಸಿಕೋ ಎಂದರೆ ಮಾತ್ರ ಹುಡುಗಿ ಒಪ್ಪಲೊಲ್ಲಳಂತೆ. ಇದರ ಹಿಂದೆ ಏನೋ ಇದೆ, ಮೂಲ ಹುಡುಕಿಕೊಡಿ, ಅಂದಿದ್ದಳು.

ಚನ್ನವೀರಮ್ಮ ಮೊರ ಕೆಳಗಿಟ್ಟಳು.

"ಎಲ್ಲಮ್ಮ ಮೂರು ಹಡೆದ್ಲು, ಮೂರೂ ತಿಂಗಳು ತುಂಬಲಿಲ್ಲ. ನಾನಾಗ ಸಿರುಗುಪ್ಪದಾಗ ಆಕಿ ಬಾಜೂ ಮನಿಯಾಗಿದ್ದೆ. ಏಳು ಹಡೆದೀನಿ ನಾನು, ಏಳೂ ಅದಾವು. ನಾಕನೇದು ಇದು ಹುಟ್ಟಿದಾಗ ನಮ್ಮತ್ತಿ ಹೇಳಿದ್ಲು, ಚನ್ನೀ, ಹೋಗಿ ಆ ಕೂಸು ಕೊಂಡ್ಕೊಂಡು ಬಾ ಅಂತ."

"ಕೊಂಡ್ಕೊಳ್ಳೋದಂದ್ರ?"

"ಹಂಗ ಐತ್ರಿ ನಮ್ಮಲ್ಲಿ. ಮೂರನೇ ದಿನ ಕೂಸಿನ್ನ ಮೊರದಾಗ ಹಾಕಿ ಹೊಸ್ತಿಲ ಹೊರಗ ಇಟ್ರು. ನಾನು ಯಾರೋ ಅನ್ನೋರಂಗ ಬೀದಿಲಿಂದ ಹೋದೆ. ಏನವ್ವಾ ಮಾರಾಕ ಇಟ್ಟೀ ಅಂದೆ. ಬ್ಯಾಡಾದದ್ದು ಐತಿ, ಏನರ ಕೊಟ್ಟು ಒಯ್ಯಿ ಅಂದ್ಲು ಎಲ್ಲಮ್ಮ. ಹಂಗ ಅನ್ನಬೇಕು. ಅನ್ನುವಾಗ ಆಕಿ ಎದಿ ಹಾಲು ಸೀರಿ ತೊಯ್ದಿತ್ತು. ಒಂದು ಸೇರು ತೌಡು ಸುರುವಿ ಕೂಸಿನ್ನ ಎತ್ಕೊಂಡೆ. ನಾಕು ಹೆಜ್ಜಿ ಹೋಗಿ ತಿರುಗಿ ಬಂದು, ಇದು ನಂದು, ನಿನಗ ಸಾಕಾಕ ಕೊಟ್ಟೀನಿ ಅಂತ ಆಕಿ ಉಡಿಯಾಗ ಹಾಕಿದೆ. ಅಷ್ಟ."

"ಯಾಕ?"

"ಯಮ ಎಲ್ಲಮ್ಮನ ಮಕ್ಕಳನ್ನ ಹುಡುಕ್ಕೊಂಡು ಬರ್ತಿದ್ದ. ಬಂದು ನೋಡಿದ್ರ ಆಕಿಗೆ ಮಕ್ಕಳ ಇಲ್ಲ. ಇದು ಚನ್ನವೀರಮ್ಮಂದು. ಅದೂ ತೌಡಿಗೆ ಬಂದದ್ದು. ಬಂಗಾರಮ್ಮ ಅಂತ ಹೆಸರಿಟ್ರ ಯಾರ್ರಿ ಬಿಟ್ಟು ಹೋಗ್ತಾರ?"

ರಾಯರು ತೊಡೆಯ ಮೇಲಿನ ಚೀಲವನ್ನು ಕೆಳಗಿಟ್ಟರು.

ಅವರ ವರದಿಯ ಎರಡು ಸಾಲು ಅವರಿಗೆ ಬಾಯಿಪಾಠವಿತ್ತು. 'ಹುಡುಗಿಯನ್ನು ಹುಟ್ಟಿದ ಮೂರನೆಯ ದಿನ ತೌಡಿಗೆ ಪ್ರತಿಯಾಗಿ ಕುರುಗೋಡಿನ ಚನ್ನವೀರಮ್ಮ ಎಂಬವಳಿಗೆ ಮಾರಲಾಗಿತ್ತೆಂದು ಸ್ಥಳೀಯರ ಹೇಳಿಕೆ. ಆದ್ದರಿಂದ ಜನ್ಮದ ವಿಷಯ ಸಂಶಯಾಸ್ಪದ.' ಸ್ಥಳೀಯರು ಎಂದರೆ ಸಿರುಗುಪ್ಪದ ಚಹಾದಂಗಡಿಯಲ್ಲಿ ಕೂತಿದ್ದ ಒಬ್ಬ ಮುದುಕ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾರಿದ್ದು ನಿಜ, ಕೊಂಡದ್ದೂ ನಿಜ. ಯಾಕೆ ಎಂದು ರಾಯರು ಕೇಳಿರಲಿಲ್ಲ, ಅಷ್ಟೆ.

ಯಾಕೆ ಕೇಳಲಿಲ್ಲ? ಆವತ್ತು ದಶಮಿ. ಮರುದಿನ ಏಕಾದಶಿಯ ನಿರಾಹಾರ. ಹೊತ್ತಿರುವಾಗಲೇ ಬಳ್ಳಾರಿ ಸೇರಿ ಮನೆಯಲ್ಲಿ ಊಟ ಮುಗಿಸಬೇಕು, ಮೂರರ ಬಸ್ಸು ತಪ್ಪಬಾರದು. ಎಲ್ಲಮ್ಮನ ಮನೆ ಎರಡೇ ಓಣಿ ಆಚೆ ಇತ್ತು. ಹೋಗಿದ್ದರೆ ಚಹಾ ಕೊಡುತ್ತಿದ್ದರು. ಬೇಡವೆಂದರೆ ನೊಂದುಕೊಳ್ಳುತ್ತಿದ್ದರು, ಕುಡಿದರೆ ಮನೆಯಲ್ಲಿ ಮಡಿ ಹಿಡಿದ ಅಕ್ಕ ಅಂಬುಜಮ್ಮನ ಮುಂದೆ ಸುಳ್ಳು ಹೇಳಬೇಕಾಗುತ್ತಿತ್ತು. ಈ ತಾಪತ್ರಯವೇ ಬೇಡವೆಂದು ರಾಯರು ಚಹಾದಂಗಡಿಯಲ್ಲೇ ಒಂದು ಸೋಡಾ ಕುಡಿದು ವಿಚಾರಣೆ ಮುಗಿಸಿದ್ದರು.

ಒಂದು ಲೋಟ ಚಹಾ ತಪ್ಪಿಸಿಕೊಳ್ಳಲು ಒಂದು ಹುಡುಗಿಯ ಬಾಳು ಹಾಳು ಮಾಡಿದೆ ಎಂದು ರಾಯರಿಗೆ ಅನ್ನಿಸಿತು.

"ಮಜ್ಜಿಗಿ ಕೊಡ್ರಿ," ಎಂದರು.

ಚನ್ನವೀರಮ್ಮ ಏನೂ ಅನ್ನದೆ ಒಳಗೆ ಹೋಗಿ ಲೋಟ ತಂದಳು. ರಾಯರು ಒಂದೇ ಗುಟುಕಿಗೆ ಕುಡಿದರು. ಕುಡಿದ ಮಾತ್ರಕ್ಕೆ ಏನೂ ಸರಿಹೋಗಲಿಲ್ಲ.

"ನಂದೊಂದು ಕೆಲಸ ಮಾಡಿಕೊಡ್ರಿ," ಎಂದು ಅವಳು ಮತ್ತೆ ಫೋನು ಕೈಗೆ ತೆಗೆದುಕೊಂಡಳು. "ತೌಡಿ ಕಳಿಸಿದ ಕಾಗದದ ಫೋಟೋ ಐತಿ ಇದರಾಗ. ನಂಗ ಓದಾಕ ಬರಂಗಿಲ್ಲ. ಓಣ್ಯಾಗಿನೋರ ಕೈಗೆ ಕೊಡಾಕ ನಾಚಿಕಿ. ನೀವು ಓದ್ರಿ, ಏನು ಬರೆದಾರ ಕೇಳ್ತೀನಿ."

ಫೋನಿನಲ್ಲಿ ಅವರದೇ ಹಾಳೆ ಇತ್ತು. ಅವರದೇ ಅಚ್ಚುಕಟ್ಟಾದ ಟೈಪು. 'ಹುಡುಗಿಯ ಹೆಸರಿನ ಮೂಲದ ಬಗ್ಗೆ' ಎಂದು ಮೇಲೆ ತಲೆಬರಹ.

ರಾಯರು ಓದಿದರು. ಹುಡುಗಿಯ ವಿದ್ಯಾಭ್ಯಾಸ, ನೌಕರಿ, ನಡತೆ ಉತ್ತಮ. ತಂದೆ ಇಲ್ಲ. ತಾಯಿ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕೆಲಸ. ಹೆಸರು ತೌಡು ಎಂಬ ಮಾತಿನಿಂದ ಬಂದದ್ದು, ಗಡಿಯ ತೆಲುಗಿನವರು ತವುಡಮ್ಮ ಎನ್ನುವರು. ಅಲ್ಲಿಂದ ಎರಡು ಸಾಲು ಹಾರಿಸಿ 'ಇತಿ ವಿಜ್ಞಾಪನೆ' ಎಂದು ಮುಗಿಸಿಬಿಟ್ಟರು.

"ಅಷ್ಟ ಏನ್ರಿ?"

"ಅಷ್ಟೇ."

"ಅದರಾಗ ನನ್ನ ಹೆಸರು ಐತಿ ಅಂತ ತೌಡಿ ಹೇಳಿ ಅತ್ತಿದ್ಲು. ನೀವು ನನ್ನ ಹೆಸರು ಓದಲಿಲ್ಲ."

ರಾಯರು ಫೋನನ್ನು ಮೆಲ್ಲನೆ ಕಟ್ಟೆಯ ಮೇಲಿಟ್ಟರು.

"ಇನ್ನೊಂದು. ಆಗಳೆ ಆಕಿ ಮಾರಿ ನೋಡಾಕ ಕನ್ನಡಕ ಹಾಕ್ಕೊಂಡ್ರಿ. ಆದ್ರೂ ಕಾಣಲಿಲ್ಲ ನಿಮಗ, ಆಕಡೆ ಈಕಡೆ ಹಿಡಿದ್ರಿ. ಈಗ ಇರಿವಿಯಂಥ ಅಕ್ಷರ, ಬರಿಗಣ್ಣಿಲೆ ಓದಿಬಿಟ್ರಿ. ನಾನು ಓದಾಕ ಬರದಾಕಿ ಖರೆ. ಕುರುಡಿ ಅಲ್ರಿ."

ಹನ್ನೊಂದು ವರ್ಷ ಬೇರೆಯವರ ಮನೆಯ ಗುಟ್ಟು ಹುಡುಕಿದ ಮನುಷ್ಯ ಒಬ್ಬ ನಿರಕ್ಷರಿ ಮುದುಕಿಯ ಕೈಗೆ ಐದು ನಿಮಿಷದಲ್ಲಿ ಸಿಕ್ಕಿಬಿದ್ದಿದ್ದ.

"ನಾನೇ ಬರೆದದ್ದು," ಎಂದರು ರಾಯರು. "ಪೂರ್ತಿ ವಿಚಾರಿಸದೆ ಬರೆದೆ. ತಪ್ಪು ನಂದೇ ಅದ ಅಮ್ಮಾ. ಎಲ್ಲಮ್ಮಗ ಇನ್ನೂ ಹೇಳಿಲ್ಲ. ಹೇಳಲಿಕ್ಕೆ ಧೈರ್ಯ ಆಗಲಿಲ್ಲ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಓಣಿಯ ಎರಡೂ ಕಡೆ ನೋಡಿ, ಹತ್ತಿರ ಸರಿದು ಕೂತಳು.

"ಹಂಗಾರ ಕೇಳ್ರಿ. ತೌಡಿ ಇಲ್ಲಿಗೆ ಬಂದಿದ್ಲು."

ರಾಯರು ಬೆಚ್ಚಿದರು. "ಯಾವಾಗ? ಎಲ್ಲಮ್ಮಗ ಗೊತ್ತಿಲ್ಲಲ್ಲ."

"ಒಂಬತ್ತು ದಿನದ ಹಿಂದ, ಹೊತ್ತು ಮುಳುಗೋ ಹೊತ್ತಿಗೆ. ಯಾರಿಗೂ ಹೇಳಬಾರದು ಅಂತ ನನ್ನ ಕೈ ತನ್ನ ತಲಿ ಮ್ಯಾಲ ಇಡಿಸ್ಕೊಂಡು ಆಣಿ ತಗೊಂಡ್ಲು. ಹಡೆದಾಕಿಗೂ ಹೇಳಬ್ಯಾಡ, ಬರೆದಾತ ಬಂದ್ರ ಆತಗ ಮಾತ್ರ ಹೇಳು ಅಂದ್ಲು. ಆತ ಯಾಕ ಬರ್ತಾನವ್ವಾ ಅಂದೆ. ಹುಡುಕ್ಕೊಂಡು ಬರೋದ ಆತನ ಕೆಲಸ, ಬರ್ತಾನ ಅಂದ್ಲು."

"ಆ ತೌಡು?"

"ಕೈಚೀಲದಾಗ ತಂದಿದ್ಲು. ಈ ಮೊರ ಇಸ್ಕೊಂಡು ಇದರಾಗ ಸುರುವಿದ್ಲು. ಅವ್ವಾ, ನೀನು ಕೊಟ್ಟದ್ದು ನಿನಗ ಮುಟ್ಟಿತು, ಇನ್ನ ನಾನು ನಿನ್ನಾಕಿ ಅಲ್ಲ ಅಂದು ಕಾಲು ಮುಟ್ಟಿದ್ಲು. ಸಿಟ್ಟಿಲೆ ಅಂತಾಳ ಅಂದ್ಕೊಂಡೆ ನಾನು, ಹುಚ್ಚಿ. ಮುಂಜಾನಿ ಎದ್ದು ಅದನ್ನ ಎಮ್ಮಿಗೆ ಹಾಕಿಬಿಟ್ಟೆ. ಆಕಿ ಅಷ್ಟೊತ್ತಿಗೆ ಹೋಗಿದ್ಲು."

ಅವಳು ಕೆಳಗಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ತೌಡು ವಾಪಸ್ ಬಂದ್ರ ಏನಂತ ಗೊತ್ತೇನ್ರಿ ನಿಮಗ? ಕೊಂಡದ್ದು ಬಿಟ್ಟಂಗ. ಈಗ ಆಕಿ ನನ್ನ ಮಗಳಲ್ಲ. ಎಲ್ಲಮ್ಮನ ಮಗಳು. ಎಲ್ಲಮ್ಮನ ಮಕ್ಕಳು ಬದುಕಲಿಲ್ಲಲ್ರೀ."

ತಮ್ಮ ಎರಡು ಸಾಲು ಎಲ್ಲಿಯವರೆಗೆ ಹೋಗಿ ಮುಟ್ಟಿದೆ ಎಂಬುದು ರಾಯರಿಗೆ ಈಗ ಪೂರಾ ಕಂಡಿತು.

"ಬರೆದಾತಗ ಏನು ಹೇಳು ಅಂದ್ಲು?"

"ಬರೋ ಹುಣ್ಣಿಮಿ ತನಕ ಕಾಯ್ತೀನಿ ಅಂದ್ಲು. ಆತ ನನ್ನ ಹಡೆದವ್ವನ ಮುಂದ ನಿಂತು, ಬರೆದಾತ ನಾನು, ತಪ್ಪು ಬರೆದೆ ಅಂತ ತನ್ನ ಬಾಯಿಲೆ ಅನ್ನಲಿ. ನಮ್ಮವ್ವ ಏನೂ ತಪ್ಪು ಮಾಡಿಲ್ಲ ಅಂತ ಊರಿಗೆ ಗೊತ್ತಾಗಲಿ. ಗೊತ್ತಾದ್ರ ಬಂದು ಮತ್ತ ನಿನ್ನ ಮಗಳಾಗ್ತೀನಿ. ಇಲ್ಲಾಂದ್ರ ನನ್ನ ಹುಡುಕಬ್ಯಾಡ್ರಿ ಅಂದ್ಲು."

"ಹುಣ್ಣಿಮಿ ನಾಳೆ," ಎಂದರು ರಾಯರು. ಪಂಚಾಂಗ ನೋಡಬೇಕಾದ ಅಗತ್ಯ ಅವರಿಗಿರಲಿಲ್ಲ.

"ನಾಳೆ."

ರಾಯರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಸಿರುಗುಪ್ಪದ ಬಸ್ಸು ಹಿಡಿಯಬೇಕು, ಎಲ್ಲಮ್ಮನ ಹೊಸ್ತಿಲ ಮುಂದೆ ನಿಲ್ಲಬೇಕು. ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಎಲ್ಲಮ್ಮ.

ಯಾರೆಂದು ರಾಯರು ಹೇಳಿದಾಗ ಚನ್ನವೀರಮ್ಮ, "ಜೋರಾಗಿ ಕೇಳೋಹಂಗ ಇಡ್ರಿ," ಎಂದಳು. ರಾಯರು ಸ್ಪೀಕರ್ ಒತ್ತಿದರು.

"ಸಾರ್, ಸಿಕ್ಕ." ಎಲ್ಲಮ್ಮ ಏದುಸಿರು ಬಿಡುತ್ತಿದ್ದಳು. "ಕಾಗದ ಬರೆದಾತ ಸಿಕ್ಕ. ಆ ದಲ್ಲಾಳಿ ಮೈಲಾರಪ್ಪನ ಅಂತ. ನಮ್ಮ ತಮ್ಮಗೋಳು ಹಿಡ್ಕೊಂಡು ಬಂದು ಮಿಲ್ಲಿನಾಗ ಕೂಡಿಸ್ಯಾರ. ಮೊದಲು ನಾನಲ್ಲ ನಾನಲ್ಲ ಅಂದ. ನಾಕು ಬಿದ್ದ ಮ್ಯಾಲ ಹೌದು, ನಾನ ಬರೆದೆ, ತಪ್ಪಾತು ಅಂತ ನನ್ನ ಮುಂದ ಅಂದ."

ಅವಳ ಹಿಂದೆ ಯಾರೋ ಗಂಡಸು ಅಳುತ್ತಿದ್ದ. ಬಿಡ್ರಪ್ಪಾ, ಒಪ್ಕೊಂಡೆನಲ್ಲ, ಇನ್ನ ಬಿಡ್ರಪ್ಪಾ ಎನ್ನುತ್ತಿದ್ದ. ಮತ್ತೆ ಏಟಿನ ಸದ್ದು ಕೇಳಿಸಿತು.

ರಾಯರ ಮನಸ್ಸಿನಲ್ಲಿ ಆ ಕ್ಷಣ ಒಂದು ಬಾಗಿಲು ತೆರೆಯಿತು. ಎಲ್ಲಮ್ಮನ ಮುಂದೆ ಒಬ್ಬ ತಪ್ಪೊಪ್ಪಿಕೊಂಡಿದ್ದ. ಊರಿಗೆ ಗೊತ್ತಾಗಿತ್ತು. ಹುಡುಗಿ ಕೇಳಿದ್ದು ಅಷ್ಟೇ ಅಲ್ಲವೆ? ಸುದ್ದಿ ಅವಳ ಕಿವಿಗೂ ಬೀಳುತ್ತದೆ, ಅವಳೂ ಬರುತ್ತಾಳೆ. ತಾವು ಬಾಯಿ ಮುಚ್ಚಿಕೊಂಡು ಬಳ್ಳಾರಿಯ ಬಸ್ಸು ಹತ್ತಬಹುದು. ಯೋಚನೆ ಬಂದದ್ದೇ ತಡ, ಅದನ್ನು ಯೋಚಿಸಿದ ತಲೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದಂತಾಯಿತು.

ಅವರು ಸುಮ್ಮನಿದ್ದದ್ದು ಮೂರು ಉಸಿರಿನಷ್ಟು ಹೊತ್ತು. ಚನ್ನವೀರಮ್ಮ ಆ ಮೂರು ಉಸಿರನ್ನೂ ನೋಡಿದಳು. ಕೈ ಚಾಚಿ ಫೋನು ತೆಗೆದುಕೊಂಡಳು.

"ಎಲ್ಲಮ್ಮಾ, ನಾನು. ಆ ಮನುಷ್ಯಾನ್ನ ಬಿಡಸು ಮೊದಲು. ಆತ ಏಟಿಗೆ ಒಪ್ಕೊಂಡಾನ. ಬರೆದಾತ ಆತಲ್ಲ. ಬರೆದಾತ ಇಲ್ಲಿ ನನ್ನ ಮನಿ ಮುಂದ ಅದಾನ."

ಆ ಕಡೆ ಏಟಿನ ಸದ್ದು ನಿಂತಿತು.

"ಯಾರಕ್ಕಾ? ಹೆಸರು ಹೇಳು."

"ನಾ ಹೇಳಂಗಿಲ್ಲ. ಆತನ ಹೇಳ್ತಾನ," ಎಂದು ಚನ್ನವೀರಮ್ಮ ಫೋನನ್ನು ರಾಯರ ಬಾಯಿಯ ಹತ್ತಿರ ಹಿಡಿದಳು.

"ಎಲ್ಲಮ್ಮಾ," ಎಂದರು ರಾಯರು. "ನಾನು..."

"ಸಾರ್, ನೀವೂ ಅಲ್ಲೇ ಅದೀರೇನ್ರಿ?" ಎಲ್ಲಮ್ಮನಿಗೆ ಅಳು ಒತ್ತರಿಸಿ ಬಂತು. "ನೀವು ಅದೀರಲ್ಲ, ನಂಗ ಧೈರ್ಯ ಬಂತು. ನಿಮ್ಮ ಕೈಗೆ ಸಿಕ್ಕನಲ್ಲ ಕಡೀಕ. ಬಿಡಬ್ಯಾಡ್ರಿ ಸಾರ್ ಅವನ್ನ, ಗಟ್ಟಿ ಹಿಡ್ಕೊಂಡಿರ್ರಿ. ನಮ್ಮ ತಮ್ಮಗೋಳನ್ನ ಕರಕೊಂಡು ಈಗ ಹೊಂಟೆ."

ಫೋನು ಕಟ್ಟಾಯಿತು. ರಾಯರು ತಿರುಗಿ ಮಾಡಿದರು, ಮತ್ತೆ ಮಾಡಿದರು. ಆ ಕಡೆ ಯಾರೂ ಎತ್ತಲಿಲ್ಲ.